ಪದಚರ್ಚೆ: ಬೇಸ್‌ಬಾಲ್‌ನ 'ಪ್ರಾಸ್ಪೆಕ್ಟ್'ಗೆ ಕನ್ನಡ ಏನು? (ಸ್ವಲ್ಪ ಅರ್ಜೆಂಟ್)

ನ್ಯೂಜೆರ್ಸಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ಸಂಚಿಕೆಗೆ ಬೇಸ್‌ಬಾಲ್ ಬಗ್ಗೆ ಒಂದು ಬರಹ ಅನುವಾದಿಸುತ್ತಿದ್ದೇನೆ. ನಾಳೆ ರಾತ್ರಿ ಅಚ್ಚಿಗೆ ಹೋಗಬೇಕು. ಹೈಸ್ಕೂಲ್ ಹುಡುಗರ ಆಟ ನೋಡಿ, ಇವನು ಮುಂದೆ ಮೇಜರ್ ಲೀಗ್‌ನಲ್ಲಿ (ಇಲ್ಲಿನ ಬೇಸ್‌ಬಾಲ್‌ನ ಎಲ್ಲಕ್ಕಿಂತ ಮೇಲಿನ ಮಟ್ಟ) ಆಡಬಲ್ಲನಾ ಇಲ್ಲವಾ ಎಂದು ತೂಗಿ ಹೇಳುವ ಸ್ಕೌಟ್‌ಗಳ ಕೆಲಸ ಅದರ ವಿಷಯ. ಹಾಗೆ ತೂಗಿಸಿಕೊಳ್ಳುವ ಹುಡುಗನೇ 'ಪ್ರಾಸ್ಪೆಕ್ಟ್'. ಬರಹದಲ್ಲಿ ಈ ಪದ 31 ಸಲ ಬರುತ್ತದೆ. ನಾನು 'ಉದಯೋನ್ಮುಖ ಆಟಗಾರ' ಎಂದು ಹಾಕುತ್ತಾ ಹೋದೆ. ಮೂರನೇ ಸಲಕ್ಕೇ ಬಾಯಿ ಒಣಗಿತು.

ಇನ್ನೂ ಮೂರು ಕಡೆ ಸಿಕ್ಕಿಬಿದ್ದಿದ್ದೇನೆ. ಸ್ಕೌಟ್ ನೋಡುವ 'ಟೂಲ್'ಗಳು ಐದು: ಚೆಂಡಿಗೆ ಬ್ಯಾಟ್ ತಾಗಿಸುವುದು, ದೂರ ಹೊಡೆಯುವ ಬಲ, ಓಟ, ಎಸೆತ, ಫೀಲ್ಡಿಂಗ್. ಪ್ರತಿಯೊಂದಕ್ಕೂ 20ರಿಂದ 80ರವರೆಗೆ ಅಂಕ. 50 ಎಂದರೆ ಮೇಜರ್ ಲೀಗ್‌ನ ಸರಾಸರಿ. ಅಂಕ ಎರಡೆರಡು ಇರುತ್ತವೆ, ಇವತ್ತಿನದೊಂದು, ಮುಂದೆ ಮುಟ್ಟಬಹುದಾದದ್ದೊಂದು. ಹದಿನೇಳರ ಹುಡುಗನ ಬ್ಯಾಟಿಂಗ್‌ಗೆ 25/55 ಬಿದ್ದರೆ ಮನೆಯಲ್ಲಿ ಪಾಯಸ ಮಾಡಬೇಕು. ಊರಿನಿಂದ ಬಂದಿರುವ ನಮ್ಮಪ್ಪನಿಗೆ ಓದಿ ಹೇಳಿದೆ. "ಇಪ್ಪತ್ತೈದಾ? ಪಾಸಾಗೋಕೆ ಮೂವತ್ತೈದಾದರೂ ಬೇಡವೇನೋ" ಎಂದರು.

ಆಮೇಲೆ 'ಸೀಲಿಂಗ್' ಮತ್ತು 'ಫ್ಲೋರ್'. ಹುಡುಗ ಚೆನ್ನಾಗಿ ಬೆಳೆದರೆ ಎಲ್ಲಿಗೆ ಮುಟ್ಟುತ್ತಾನೆ, ಕೈಕೊಟ್ಟರೂ ಎಲ್ಲಿ ನಿಲ್ಲುತ್ತಾನೆ ಎಂಬ ಲೆಕ್ಕ. ಕೊನೆಗೆ 'ಮೇಕಪ್'. ಅದು ಹುಡುಗನ ಗುಣ, ಸೋಲು ತಡೆದುಕೊಳ್ಳುವ ಗಟ್ಟಿತನ. ಕಂಪ್ಯೂಟರ್‌ಗೆ ಕೊಟ್ಟರೆ 'ಹುಡುಗನ ಪ್ರಸಾಧನ ಉತ್ತಮವಾಗಿದೆ' ಎಂದಿತು.

ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ:

'ಭರವಸೆಯ ಆಟಗಾರ'. ಪತ್ರಿಕೆಗಳು ಎಷ್ಟೋ ವರ್ಷದಿಂದ ಬರೆಯುತ್ತಿವೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನೇ ತಲೆಬರಹ ಮಾಡಿ. ಮೇಕಪ್‌ಗೆ 'ಜಾಯಮಾನ'. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ?

ನ್ಯೂಜೆರ್ಸಿಯಿಂದ:

ಮೇಷ್ಟ್ರೇ, 'ಜಾಯಮಾನ' ಕೈಮುಗಿದು ತೆಗೆದುಕೊಂಡೆ. ಗಾದೆ ಮಾತ್ರ ಇಲ್ಲಿ ಕೈಕೊಡುತ್ತದೆ. ಮೊಳಕೆಯಲ್ಲಿ ಸಿರಿ ಕಾಣಿಸುವ ಹಾಗಿದ್ದರೆ ಸ್ಕೌಟ್‌ಗಳಿಗೆ ಕೆಲಸವೇ ಇರುತ್ತಿರಲಿಲ್ಲ, ಅಲ್ವಾ?

1991ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ಎಲ್ಲರಿಗಿಂತ ಮೊದಲು ಆರಿಸಿದ ಹುಡುಗ ಬ್ರಯನ್ ಟೇಲರ್. ಕರೆದುಕೊಂಡದ್ದು ನ್ಯೂಯಾರ್ಕ್ ಯಾಂಕೀಸ್ ತಂಡ. 1993ರಲ್ಲಿ ಒಂದು ಜಗಳದಲ್ಲಿ ಎಸೆಯುವ ಕೈಯ ಭುಜಕ್ಕೆ ದೊಡ್ಡ ಪೆಟ್ಟು ಮಾಡಿಕೊಂಡ. ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಮೈಕ್ ಪಿಯಾಟ್ಸಾ ಕಥೆ ಇದಕ್ಕೆ ತಿರುಗುಮುರುಗು. 1988ರಲ್ಲಿ 62ನೇ ಸುತ್ತಿನಲ್ಲಿ, 1390ನೆಯವನಾಗಿ ಬಂದ. 2016ರಲ್ಲಿ ಹಾಲ್ ಆಫ್ ಫೇಮ್ (ಮಹಾನ್ ಆಟಗಾರರ ಗೌರವದ ಪಟ್ಟಿ) ಸೇರಿದ. ನಮ್ಮ ನ್ಯೂಜೆರ್ಸಿಯ ಮಿಲ್‌ವಿಲ್ ಊರಿನ ಮೈಕ್ ಟ್ರೌಟ್ 2009ರಲ್ಲಿ 25ನೆಯವನು, ಆರಿಸಿದ್ದು ಏಂಜಲ್ಸ್ ತಂಡ. ತಮಾಷೆ ಎಂದರೆ 24ನೇ ಸರದಿಯೂ ಅದೇ ತಂಡದ್ದು. ಅದರಲ್ಲಿ ಅವರು ಬೇರೆ ಹುಡುಗನನ್ನು ಆರಿಸಿದ್ದರು! ಟ್ರೌಟ್ ಆಮೇಲೆ ಮೂರು ಸಲ ತನ್ನ ಲೀಗ್‌ನ ಅತ್ಯುತ್ತಮ ಆಟಗಾರನಾದ.

'ಭರವಸೆ' ಹೊಗಳಿಕೆಯ ಮಾತು. 'ಪ್ರಾಸ್ಪೆಕ್ಟ್' ಹೊಗಳಿಕೆಯಲ್ಲ. 'ದುರ್ಬಲ ಪ್ರಾಸ್ಪೆಕ್ಟ್' ಎಂದೂ ಬರೆಯುತ್ತಾರೆ. ಅದನ್ನು 'ಭರವಸೆಯಿಲ್ಲದ ಭರವಸೆಯ ಆಟಗಾರ' ಎನ್ನಲಾ?

ಹೋದ ತಿಂಗಳು ಪಕ್ಕದ ಹೈಸ್ಕೂಲ್ ಮೈದಾನದಲ್ಲಿ ಒಬ್ಬ ಸ್ಕೌಟ್‌ನನ್ನು ನೋಡಿದೆ. ಬಲೆಯ ಹಿಂದೆ ಮಡಚುವ ಕುರ್ಚಿ, ತೊಡೆಯ ಮೇಲೆ ನೋಟ್‌ಬುಕ್, ಮುಷ್ಟಿಯೊಳಗೆ ಸ್ಟಾಪ್‌ವಾಚ್. ಹುಡುಗ ಚೆಂಡು ಹೊಡೆದ. ನಾವೆಲ್ಲ ಚೆಂಡಿನ ಹಿಂದೆ ಕತ್ತು ತಿರುಗಿಸಿದೆವು. ಆತ ಮಾತ್ರ ಚೆಂಡು ನೋಡಲೇ ಇಲ್ಲ. ಬ್ಯಾಟಿನ ಸದ್ದಿಗೆ ಒಮ್ಮೆ ಒತ್ತಿದ. ಹೊಡೆದವನು ಓಡಿ ಮುಟ್ಟಬೇಕಾದ, 90 ಅಡಿ ಆಚೆಯ ಮೊದಲ ಬೇಸ್‌ಗೆ ಹುಡುಗನ ಕಾಲು ತಾಗಿದಾಗ ಇನ್ನೊಮ್ಮೆ ಒತ್ತಿದ. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್ ಆಸುಪಾಸು ಬಂದರೆ ಓಟಕ್ಕೆ 50. ಹುಡುಗ ಔಟಾಗಿ ತಲೆ ತಗ್ಗಿಸಿ ವಾಪಸ್ ಬಂದ. ಈತ ಅದನ್ನೂ ನೋಡಿ ಏನೋ ಗೀಚಿಕೊಂಡ. ಅದು ಜಾಯಮಾನದ ಕಾಲಂ ಇರಬೇಕು.

ಬೆಂಗಳೂರಿನಿಂದ:

ಉದಯೋನ್ಮುಕ, ಬರವಸೆ, ಜಾಯಮಾನ. ಒಂದಾದರೂ ಕನ್ನಡವೇ? 'ಆಟಗಾರ'ದ ಗಾರ ಕೂಡ ಸಂಸ್ಕ್ರುತದ ಕಾರದಿಂದ ಬಂದದ್ದು. ಸಂಸ್ಕ್ರುತದ ಬದಲು ಕನ್ನಡದ ಬೇರುಗಳಿಂದಲೇ ಪದ ತಯಾರು ಮಾಡಬಹುದು. ಎಶ್ಟು ಪದ ಸಿಗುತ್ತವೆ ಎಂಬ ಅಂದಾಜು ನಿಮಗಿಲ್ಲ. ಪ್ರಾಸ್ಪೆಕ್ಟ್: ಮುಂಬರುಗ. ಸ್ಕೌಟ್: ಹುಡುಕುಗ. ಟೂಲ್: ಅಳವು. ಸೀಲಿಂಗ್, ಪ್ಲೋರ್: ಮೇಲೆಲ್ಲೆ, ಕೆಳಗೆಲ್ಲೆ. ಮುಗಿಯಿತು.

ಧಾರವಾಡದಿಂದ:

ಮುಗಿಯಲಿಲ್ಲ ಸರ್. 'ಮುಂಬರುಗ' ಎಂದರೆ ಬಸ್ಸಿನ ಮುಂದಿನ ಬಾಗಿಲಿನಿಂದ ಬರುವವನು ಎಂದುಕೊಂಡೆ. ಇನ್ನು ನಿಮ್ಮ ಶುದ್ಧ ಕನ್ನಡದ ಲೆಕ್ಕ: 'ಬದಲು' ಅರಬ್ಬಿ, 'ತಯಾರು' ಅರಬ್ಬಿ, 'ಅಂದಾಜು' ಫಾರಸಿ. ಸಂಸ್ಕೃತವನ್ನು ಮುಂಬಾಗಿಲಿನಿಂದ ಹೊರಗೆ ಹಾಕಿ, ಹಿತ್ತಲಿನಿಂದ ಬಂದವರಿಗೆ ಚಹಾ ಕೊಡುತ್ತಿದ್ದೀರಿ. ನನಗೇನೂ ಬೇಜಾರಿಲ್ಲ, ಎಲ್ಲರೂ ಬರಲಿ. ಸುಮ್ನೆ ಉಳಿದವರನ್ನು ಬೈಯಬೇಡಿ.

ಟೂಲ್‌ಗೆ ನಮ್ಮ ಕಡೆ 'ಹತ್ಯಾರ' ಇದೆ. ಕಮ್ಮಾರನೂ ಹೇಳುತ್ತಾನೆ, ಬಡಿಗನೂ ಹೇಳುತ್ತಾನೆ. 'ಐದೂ ಹತ್ಯಾರ ಇರುವ ಹುಡುಗ' ಅನ್ನಿ, ಕಣ್ಣಿಗೆ ಕಟ್ಟುತ್ತದೆ. ಒಂದೇ ಹತ್ಯಾರ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2008ರಲ್ಲಿ ಎಸೆತದ ಸ್ಪರ್ಧೆ ನಡೆಸಿ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟ್‌ನ ರಿಂಕು ಅಲ್ಲ), ದಿನೇಶ್ ಪಟೇಲ್ ಇಬ್ಬರನ್ನು ಅಮೆರಿಕಕ್ಕೆ ಕರೆದೊಯ್ದರು. ಭರ್ಚಿ ಎಸೆಯುತ್ತಿದ್ದ ಹುಡುಗರು, ಬೇಸ್‌ಬಾಲ್ ಗೊತ್ತೇ ಇರಲಿಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತು. ತೋಳಿನ ಬಲ ಇತ್ತು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಇವರನ್ನು ಮುಂಬರುಗರು ಎನ್ನೋಣವೋ ಮರಳಿಬರುಗರು ಎನ್ನೋಣವೋ?

ಬೆಂಗಳೂರಿನಿಂದ:

ಹತ್ಯಾರ ಮರಾಟಿ. ಬೇಡ.

ತೀರ್ಥಹಳ್ಳಿಯಿಂದ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬೇಸ್‌ಬಾಲ್ ಗೊತ್ತಿಲ್ಲ, ಅಡಿಕೆ ಗೊತ್ತು. ನ್ಯೂಜೆರ್ಸಿಯವರು ಬರೆದ ಸ್ಟಾಪ್‌ವಾಚ್ ಮನುಷ್ಯ ನಮ್ಮ ತೋಟಕ್ಕೆ ಬರುವ ಚೇಣಿಯವರ (ಬೆಳೆಯನ್ನು ಮರದ ಮೇಲಿರುವಾಗಲೇ ಗುತ್ತಿಗೆಗೆ ಹಿಡಿಯುವವರು) ಹಾಗೇ ಇದ್ದಾನೆ. ಅವರೂ ಹಾಗೆಯೇ, ನಾವು ತೋರಿಸಿದ್ದನ್ನು ನೋಡುವುದಿಲ್ಲ. ನಾವು ದಾರಿ ಬದಿಯ ಒಳ್ಳೆಯ ಮರ ತೋರಿಸುತ್ತೇವೆ, ಅವರು ಮೂಲೆಯ ಸಾಲಿಗೆ ಹೋಗಿ ಕತ್ತೆತ್ತಿ ನಿಲ್ಲುತ್ತಾರೆ. ಅಡಿಕೆ ಗೊನೆ ಎಣಿಸುತ್ತಾರೆ, ಬುಡದಲ್ಲಿ ಉದುರಿದ್ದನ್ನು ಕಾಲಲ್ಲಿ ಸರಿಸಿ ನೋಡುತ್ತಾರೆ. ಮರದ ಮೇಲೆ ಈಗ ಕಾಣುವುದು ಒಂದು ಲೆಕ್ಕ, ಕೊಯ್ಲಿನ ಹೊತ್ತಿಗೆ ಕೈಗೆ ಬರುವುದು ಇನ್ನೊಂದು ಲೆಕ್ಕ. ನಿಮ್ಮ 25/55 ಅದೇ ಅಲ್ವಾ? ನಡುವೆ ಮಳೆ ಹಿಡಿದು ಕೊಳೆರೋಗ ಬಂತೋ, ಎರಡು ಲೆಕ್ಕವೂ ತಲೆಕೆಳಗು. ಆ ಭುಜ ಕೆಡಿಸಿಕೊಂಡ ಹುಡುಗನಿಗೆ ಬಂದದ್ದು ಕೊಳೆಯೇ.

ಹೀಗಾಗಿ ಪದವನ್ನು ತೋಟದಲ್ಲಿ ಹುಡುಕಿ. 'ಮಿಡಿ' ಆಗಬಹುದಾ?

ಮೈಸೂರಿನಿಂದ:

ಮಿಡಿ ಬೇಡಮ್ಮ. ನಿಮ್ಮ ಸೀಮೆಯಲ್ಲಿ ಮಿಡಿಯನ್ನು ಹಣ್ಣಾಗಲು ಬಿಡುವವರು ಯಾರು? ಕೊಯ್ದು ಭರಣಿಗೆ ಹಾಕುತ್ತೀರಿ. ಸರಿಯಾದ ಪದ 'ಹೀಚು'. ಮೊದಲು 'ಪೀಚು' ಇದ್ದದ್ದು. ಪಾಲು ಹಾಲಾಯಿತು, ಪೂ ಹೂವಾಯಿತು, ಪೀಚು ಹೀಚಾಯಿತು. ಹೂವು ಕಚ್ಚಿ, ಕಾಯಿಯಾಗುತ್ತದೋ ಉದುರುತ್ತದೋ ಇನ್ನೂ ಗೊತ್ತಿಲ್ಲದ ಘಟ್ಟ ಅದು. ನಿಮ್ಮ ಪ್ರಾಸ್ಪೆಕ್ಟ್ ಅದೇ. ಮರಾಠಿಯೂ ಅಲ್ಲ, ಸಂಸ್ಕೃತವೂ ಅಲ್ಲ, ಬೆಂಗಳೂರಿನವರು ಬಿಟ್ಟು ಬರೆಯುವ ಮಹಾಪ್ರಾಣವೂ ಇಲ್ಲ. ಅವರು ಈಗಲಾದರೂ ಸುಮ್ಮನಾಗಬೇಕು.

ಧಾರವಾಡದಿಂದ:

ಆರಡಿ ಎತ್ತರದ ಹುಡುಗನಿಗೆ ಹೀಚು ಎಂದರೆ ಅವರಪ್ಪ ಜಗಳಕ್ಕೆ ಬರುತ್ತಾರೆ. ಪೀಚಲು ಹುಡುಗ ಎಂದಂತೆಯೇ ಕೇಳಿಸುತ್ತದೆ.

ಮೈಸೂರಿನಿಂದ:

ಕೇಳುವ ಕಿವಿಯ ದೋಷ. ಪದದ್ದಲ್ಲ.

ತೀರ್ಥಹಳ್ಳಿಯಿಂದ:

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ. ಆದರೆ ಯೋಚನೆ ಮಾಡಿದರೆ, ಚೇಣಿಯವರು ನಮ್ಮ ಹತ್ತಿರ ಹೀಚು, ಮಿಡಿ ಎಂದೆಲ್ಲ ಮಾತಾಡುವುದೇ ಇಲ್ಲ. ಮರ ನೋಡಿ 'ಇದು ಆಗ್ತದೆ', 'ಇದು ಆಗೂದಿಲ್ಲ' ಎನ್ನುತ್ತಾರೆ. ಅಷ್ಟೇ. ನರ್ಸರಿಯಲ್ಲಿ ಸಸಿ ಆರಿಸುವಾಗಲೂ ಅದೇ ಮಾತು, 'ಆಗೋ ಸಸಿ ಕೊಡಿ'. ನಿಮ್ಮ 31 ಕಡೆಗೂ ಹೆಸರು ಯಾಕೆ ಬೇಕು? ಇಂಗ್ಲಿಷ್‌ನವರು ನಾಮಪದಕ್ಕೆ ಹೊರಿಸಿದ್ದನ್ನು ನಾವು ಕ್ರಿಯಾಪದಕ್ಕೆ ಹೊರಿಸಿದರಾಯಿತು. 'ಆಗುವ ಹುಡುಗ'. ಇಲ್ಲದಿದ್ದರೆ ಬರೀ 'ಹುಡುಗ'.

ಮೈಸೂರಿನಿಂದ:

ಏನು ಆಗುವ? ವೈದ್ಯ ಆಗುವ, ವಕೀಲ ಆಗುವ ಎನ್ನಬೇಕು. ಬರೀ 'ಆಗುವ' ನಿಲ್ಲುವುದಿಲ್ಲ.

ಧಾರವಾಡದಿಂದ:

'ಕೆಲಸ ಆಗುತ್ತಾ?' ಎಂದಾಗ ಏನು ಆಗುತ್ತಾ ಎಂದು ಯಾರೂ ಕೇಳುವುದಿಲ್ಲ. ನಿಲ್ಲುತ್ತದೆ ಮೇಷ್ಟ್ರೇ.

ನ್ಯೂಜೆರ್ಸಿಯಿಂದ:

ಮೇಡಂ, ರಾತ್ರಿ ಕೂತು 31 ಕಡೆಯೂ ಬದಲಿಸಿ ನೋಡಿದೆ. 19 ಕಡೆ 'ಹುಡುಗ' ಸಾಕಾಯಿತು, ಯಾರಿಗೂ ಏನೂ ತಪ್ಪಿದಂತೆ ಅನಿಸುವುದಿಲ್ಲ. ಎಂಟು ಕಡೆ 'ಆಗುವ ಹುಡುಗ', 'ಆಗ್ತಾನಾ ಎಂಬ ಲೆಕ್ಕ', ಹೀಗೆ. ಉಳಿದ ನಾಲ್ಕರಲ್ಲಿ 'ಟಾಪ್ 100 ಪ್ರಾಸ್ಪೆಕ್ಟ್ ಪಟ್ಟಿ' ಥರದ್ದು ಇದೆ. ಅಲ್ಲಿ ಪ್ರಾಸ್ಪೆಕ್ಟ್ ಎಂದೇ ಬಿಟ್ಟೆ. ಸ್ಕೌಟ್ ಸ್ಕೌಟ್ ಆಗಿಯೇ ಉಳಿದ. ಟೂಲ್‌ಗೆ ಹತ್ಯಾರ ಹಾಕಿ, ಮೊದಲ ಸಲ ಬಂದಲ್ಲಿ ಅರ್ಥ ಬಿಡಿಸಿದೆ. ಸೀಲಿಂಗ್, ಫ್ಲೋರ್ ಎರಡನ್ನೂ ಕಿತ್ತು ಒಂದು ವಾಕ್ಯ ಮಾಡಿದೆ. ಅಚ್ಚಿಗೆ ಹೋಗುವುದು ಹೀಗೆ:

'ಹುಡುಗನ ಮೈ ಇನ್ನೂ ತುಂಬಬೇಕು. ಬ್ಯಾಟಿಂಗ್ ಅಂಕ ಇವತ್ತಿಗೆ 25, ಮುಂದೆ 55. ಕುದುರಿದರೆ ಮೇಜರ್ ಲೀಗ್‌ನ ಸರಾಸರಿಯನ್ನು ದಾಟುತ್ತಾನೆ, ಕುದುರದಿದ್ದರೂ ಎಸೆತದ ಬಲದಿಂದ ಕೆಳಗಿನ ಲೀಗ್‌ಗಳಲ್ಲಿ ನಿಲ್ಲುತ್ತಾನೆ. ಜಾಯಮಾನ ಗಟ್ಟಿ.'

ಟೇಲರ್ ಬಗ್ಗೆ ಎರಡೇ ಪದ: 'ಹುಡುಗ ಆಗಲಿಲ್ಲ.' ಅಪ್ಪನಿಗೆ ಓದಿ ಹೇಳಿದೆ. "ಅಯ್ಯೋ ಪಾಪ" ಎಂದರು. ಮೊದಲ ಕರಡಿನಲ್ಲಿ 'ವೈಫಲ್ಯ ಕಂಡ ಉದಯೋನ್ಮುಖ' ಎಂದಿದ್ದಾಗ ಪೇಪರ್ ಮಡಚಿ ಇಟ್ಟಿದ್ದರು.

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಗಂಟೆಯಲ್ಲಿ ಕಳಿಸುತ್ತೇನೆ.

ಬೆಂಗಳೂರಿನಿಂದ:

'ಸರಾಸರಿ' ಪಾರಸಿ. 'ಅಂಕ' ಸಂಸ್ಕ್ರುತ. ಇನ್ನೂ ಒಂದು ಗಂಟೆ ಇದೆ.

ಮೈಸೂರಿನಿಂದ:

ಶೀರ್ಷಿಕೆಯಲ್ಲಾದರೂ ಹೀಚು ಹಾಕಿ.