5ನೇ ತರಗತಿ ಆದಮೇಲೆ: ನವೋದಯ, ಮೊರಾರ್ಜಿ, ಆದರ್ಶ, ಇಲ್ಲಾ ಊರ ಶಾಲೆ?

ಬಯಲುಸೀಮೆ_ಅಪ್ಪ:
ಮಗಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ 5ನೇ ತರಗತಿ, ಕನ್ನಡ ಮಾಧ್ಯಮ. ನಮ್ಮೂರಲ್ಲಿ 7ರವರೆಗೆ ಮಾತ್ರ ಇದೆ. 6ನೇ ತರಗತಿಗೆ ನವೋದಯ (ಕೇಂದ್ರದ ವಸತಿ ಶಾಲೆ), ಮೊರಾರ್ಜಿ (ರಾಜ್ಯದ ವಸತಿ ಶಾಲೆ), ತಾಲ್ಲೂಕಿನ ಆದರ್ಶ ವಿದ್ಯಾಲಯ (ರಾಜ್ಯದ ಸರ್ಕಾರಿ ಶಾಲೆ) ಮೂರಕ್ಕೂ ಪ್ರವೇಶ ಪರೀಕ್ಷೆ ಬರೆಸಬಹುದಾ? ಸಿಕ್ಕರೆ ಏನು ಲಾಭ ಅಂತ ಎಲ್ಲರೂ ಹೇಳ್ತಾರೆ, ಏನು ಕೈತಪ್ಪುತ್ತೆ ಅನ್ನೋದನ್ನೂ ಹೇಳಿ.

ಸೀಮೆಸುಣ್ಣ:
ಮೂರಕ್ಕೂ ಬರೆಸಿ ಸರ್, ಒಂದಕ್ಕೊಂದು ಅಡ್ಡಿಯಿಲ್ಲ. ನವೋದಯಕ್ಕೆ ಮಾತ್ರ ಒಂದೇ ಅವಕಾಶ. 5ನೇ ತರಗತಿಯಲ್ಲೇ ಇನ್ನೊಂದು ವರ್ಷ ಉಳಿಸಿ ಮತ್ತೆ ಕೂರಿಸೋಕೆ ಬರಲ್ಲ. ಒಂದು ನವೋದಯಕ್ಕೆ ಗರಿಷ್ಠ 80 ಸೀಟು, ಅದರಲ್ಲಿ ಶೇ. 75 ಗ್ರಾಮೀಣ. ಗ್ರಾಮೀಣ ಅಂದರೆ 3, 4, 5 ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು.

ನವೋದಯದ ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯ 40 ಪ್ರಶ್ನೆ, ಗಣಿತ 20, ಭಾಷೆ 20. ತಪ್ಪಿಗೆ ಅಂಕ ಕಡಿತ ಇಲ್ಲ, ಒಂದನ್ನೂ ಖಾಲಿ ಬಿಡಬಾರದು. ಮಕ್ಕಳು ಎಡವೋದು ಹೆಚ್ಚಾಗಿ ಚಿತ್ರಗಳ ಭಾಗದಲ್ಲಿ: ಕನ್ನಡಿ ಬಿಂಬ, ಗುಂಪಿಗೆ ಸೇರದ ಆಕೃತಿ, ಮಡಚಿದ ಹಾಳೆಗೆ ತೂತು ಮಾಡಿ ಬಿಚ್ಚಿದರೆ ಹೇಗೆ ಕಾಣುತ್ತೆ ಅನ್ನೋದು. ಇದು ಶಾಲೆಯ ಪುಸ್ತಕದಲ್ಲಿ ಸಿಗಲ್ಲ. ಗೈಡ್ ಉರು ಹೊಡೆಸೋ ಬದಲು ಹಳೇ ನೋಟ್‌ಬುಕ್ಕಿನ ಹಾಳೆ ಮಡಚಿ, ಕತ್ತರಿಸಿ, ಬಿಚ್ಚಿ ನೋಡೋಕೆ ಬಿಡಿ. ಉತ್ತರ ಗುರುತಿಸೋ ಒಎಂಆರ್ ಹಾಳೆಯಲ್ಲಿ ಬಾಲ್ ಪೆನ್‌ನಿಂದ ವೃತ್ತ ತುಂಬೋದನ್ನೂ ಮನೆಯಲ್ಲೇ ರೂಢಿ ಮಾಡಿಸಿ. ಒಮ್ಮೆ ತುಂಬಿದ್ದನ್ನ ತಿದ್ದೋಹಾಗಿಲ್ಲ.

ನಾಡಕಚೇರಿ_ಪಕ್ಕದವ:
ಓದಿಗಿಂತ ಮೊದಲು ಕಾಗದ. ಶಾಲೆಯ ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲಾತಿ) ದಾಖಲೆಯಲ್ಲಿ, ಆಧಾರ್‌ನಲ್ಲಿ, ಜಾತಿ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ಮೊರಾರ್ಜಿ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿರೋ ನಂಬರು) ಬೇಕು. ಅರ್ಜಿ ಕರೆದ ಮೇಲೆ ನಾಡಕಚೇರಿಗೆ ಓಡಿದರೆ ಸಾಲು ದೊಡ್ಡದಿರುತ್ತೆ. ಇನ್ನೊಂದು: 2ಎ, 3ಬಿ ಅನ್ನೋ ಹಿಂದುಳಿದ ವರ್ಗಗಳೆಲ್ಲ ರಾಜ್ಯದ ಪಟ್ಟಿ. ನವೋದಯದ ಒಬಿಸಿ (ಇತರೆ ಹಿಂದುಳಿದ ವರ್ಗ) ಮೀಸಲಾತಿ ಕೇಂದ್ರದ ಪಟ್ಟಿಯಂತೆ, ಅದಕ್ಕೆ ಬೇರೆ ನಮೂನೆ. ಸೀಟು ಬಂದು ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳೋದು ಇಲ್ಲೇ.

ಕಡತ_ಪ್ರಿಯ:
ಕೈತಪ್ಪೋದರ ಬಗ್ಗೆ ಕೇಳಿದ್ರಲ್ಲ, ಹೇಳ್ತೀನಿ. ರಾಜ್ಯದ ನೇಮಕಾತಿಯಲ್ಲಿ ಕನ್ನಡ ಮಾಧ್ಯಮಕ್ಕೆ ಶೇ. 5 ಮೀಸಲು, ವೃತ್ತಿ ಕೋರ್ಸುಗಳ ಪ್ರವೇಶದ ಸಿಇಟಿಯಲ್ಲೂ ಆ ಕೋಟಾ ಇದೆ. ಷರತ್ತು: 1ರಿಂದ 10ರವರೆಗೆ ಪೂರ್ತಿ ಕನ್ನಡ ಮಾಧ್ಯಮ. ಆದರ್ಶ, ಮೊರಾರ್ಜಿ ಎರಡೂ ಇಂಗ್ಲಿಷ್ ಮಾಧ್ಯಮ. ಅಲ್ಲಿ ಸೇರಿಸಿದ ದಿನವೇ ಅದು ಹೋಯ್ತು.

ನೇಮಕಾತಿ, ಸಿಇಟಿಯಲ್ಲಿ ಹಳ್ಳಿ ಶಾಲೆಯಲ್ಲಿ ಓದಿದವರಿಗಿರೋ ಗ್ರಾಮೀಣ ಕೋಟಾದ ಲೆಕ್ಕ ಬೇರೆ. ಅಲ್ಲಿ ನೋಡೋದು ಶಾಲೆ ಇರೋ ಜಾಗವನ್ನ. ಆದರ್ಶ ವಿದ್ಯಾಲಯ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಗಡಿಯೊಳಗಿದ್ದರೆ ಆ ವರ್ಷಗಳು ಗ್ರಾಮೀಣ ಅಲ್ಲ. ಊರಾಚೆ ಗ್ರಾಮ ಪಂಚಾಯಿತಿ ಜಾಗದಲ್ಲಿದ್ದರೆ ತೊಂದರೆಯಿಲ್ಲ. ಸೇರಿಸೋ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ನಾಳೆ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಮೇಲುರುಜು ಹಾಕೋದೂ ಅವರೇ.

ಸೀಮೆಸುಣ್ಣ:
ಒಪ್ಪಿದೆ, ಆದರೆ ಶೇ. 5ಕ್ಕಾಗಿ ಒಳ್ಳೆ ಸೀಟು ಬಿಡೋದು ನನಗೆ ಸರಿ ಕಾಣಲ್ಲ. 8ಕ್ಕೆ ಹೇಗೂ ಊರು ಬಿಟ್ಟು ಹೋಗಬೇಕಾದ ಹೆಣ್ಣುಮಗುವಿಗೆ ವಸತಿ ಶಾಲೆಯಿಂದ ಬಸ್ಸಿನ ತಾಪತ್ರಯವೇ ತಪ್ಪುತ್ತೆ. ಮೊರಾರ್ಜಿ ರಾಜ್ಯ ಪಠ್ಯ, 10ಕ್ಕೆ ಎಸ್‌ಎಸ್‌ಎಲ್‌ಸಿ. ನವೋದಯ ಸಿಬಿಎಸ್‌ಇ, 12ರವರೆಗೆ.

ಬಯಲುಸೀಮೆ_ಅಪ್ಪ:
ನವೋದಯದಲ್ಲಿ 9ಕ್ಕೆ ಉತ್ತರ ಭಾರತಕ್ಕೆ ಕಳಿಸ್ತಾರಂತೆ, ನಿಜವಾ?

ಕಡತ_ಪ್ರಿಯ:
ಎಲ್ಲರನ್ನೂ ಅಲ್ಲ. 9ನೇ ತರಗತಿಯ ಶೇ. 30 ಮಕ್ಕಳನ್ನ ಒಂದು ವರ್ಷ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸೋ ಯೋಜನೆ, ಅಲ್ಲಿಂದಲೂ ಇಲ್ಲಿಗೆ ಬರ್ತಾರೆ. ಮಗುವನ್ನ ಅಷ್ಟು ದೂರ ಕಳಿಸೋಕೆ ಮನಸ್ಸಿದೆಯಾ ಅಂತ ಮನೆಯಲ್ಲಿ ಈಗಲೇ ಮಾತಾಡಿ. ಶುಲ್ಕ 6ರಿಂದ 8 ಇಲ್ಲ. 9ರಿಂದ ತಿಂಗಳಿಗೊಂದಿಷ್ಟು ವಿಕಾಸ ನಿಧಿ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ.