ಅಪ್‌ಡೇಟ್: ಒರ್ಲ್ಯಾಂಡೊ ಪಾರ್ಕ್‌ನ ರೈಡ್ ಬುಕಿಂಗ್, ಹೋಗಿ ಬಂದೆವು

ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಅಮೆರಿಕದ ಒರ್ಲ್ಯಾಂಡೊದಲ್ಲಿರುವ ಡಿಸ್ನಿ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದೇವೆ, ಆ್ಯಪ್‌ನಲ್ಲಿ ಮೊದಲೇ ರೈಡ್ ಬುಕ್ ಮಾಡುವ ಹೊಸ ಪಾಸಿಗೆ ದುಡ್ಡು ಹಾಕಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಪಾಸ್ ತೆಗೆದುಕೊಂಡೆವು. ಸಾಲು ತಪ್ಪಿತು ನಿಜ, ತಲೆನೋವೂ ಜಾಸ್ತಿ. ಒಂದೊಂದು ರೈಡಿಗೂ ಒಂದು ಗಂಟೆಯ ಸಮಯ ಕೊಡುತ್ತಾರೆ, ಅಷ್ಟರೊಳಗೆ ಅಲ್ಲಿರಬೇಕು. ನಮಗೆ ಸಿಕ್ಕಿದ್ದು ಒಂದು ಈ ತುದಿ, ಇನ್ನೊಂದು ಆ ತುದಿ. ಅಮ್ಮನ ಮಂಡಿ ನೋವಿಗೆ ಅದು ಆಗುವ ಮಾತಲ್ಲ. ನಾನಂತೂ ಫೋನ್‌ನಿಂದ ತಲೆ ಎತ್ತಲಿಲ್ಲ. "ರಜೆಗೆ ಬಂದಿದ್ದೀಯೋ ಆಫೀಸಿಗೋ?" ಅಂದರು ಅಪ್ಪ. ಎಲ್ಲರಿಗೂ ಬೇಕಾದ ದೊಡ್ಡ ರೈಡಿಗೆ ಈ ಪಾಸ್ ನಡೆಯುವುದಿಲ್ಲ, ಅದಕ್ಕೆ ಬೇರೆ ದುಡ್ಡು. (1999ರಲ್ಲಿ ಡಿಸ್ನಿಯವರು ಸಾಲು ತಪ್ಪಿಸುವ ಇಂಥದ್ದೇ ಫಾಸ್ಟ್‌ಪಾಸ್ ಶುರು ಮಾಡಿದಾಗ ಅದು ಪುಕ್ಕಟೆ ಇತ್ತು!)

ನಿಜವಾಗಿ ಕೈಹಿಡಿದಿದ್ದು ನಿಮ್ಮಲ್ಲೊಬ್ಬರು ಹೇಳಿದ ರೈಡರ್ ಸ್ವಿಚ್. ಮಗಳ ಎತ್ತರ ಸಾಲದು ಅಂತ ಅಳತೆ ಕೋಲಿನ ಹತ್ತಿರವೇ ತಡೆದರು. ನಾನು ಅವಳ ಜೊತೆ ಹೊರಗೆ ಕೂತೆ. ಯಜಮಾನರು ಹೋಗಿ ಬಂದ ಮೇಲೆ, ಉದ್ದ ಸಾಲಲ್ಲಿ ನಿಲ್ಲದೆ ನಾನು ಹೋದೆ. ಇದಕ್ಕೆ ಒಂದು ಡಾಲರೂ ಬೇಡ. ಬಾಗಿಲಲ್ಲಿರುವ ಸಿಬ್ಬಂದಿಗೆ ಮೊದಲೇ ಹೇಳಬೇಕು, ಅಷ್ಟೇ.

ಮುಂದಿನ ಸಲ ಪಾಸ್ ಬೇಡ, ಗೇಟ್ ತೆಗೆಯುವ ಮುಂಚೆಯೇ ಹೋಗಿ ನಿಲ್ಲುತ್ತೇವೆ. ಅಪ್ಪ ಹೇಗೂ ಐದಕ್ಕೇ ಏಳುತ್ತಾರೆ.