ಎಂಎಂಎಸ್‌ಇಯಲ್ಲಿ 30ಕ್ಕೆ 28 ಬಂದಿದೆ, ಮತ್ತೆ ನ್ಯೂರೋಸೈಕಾಲಜಿ ಟೆಸ್ಟ್ ಯಾಕೆ?

ಬೆಳ್ಮುಗಿಲು:
ಮನೆಯಲ್ಲಿ 68 ವರ್ಷದವರೊಬ್ಬರಿಗೆ ಮರೆವು ಜಾಸ್ತಿಯಾಗಿದೆ. ನ್ಯೂರಾಲಜಿಸ್ಟ್ ಎಂಎಂಎಸ್‌ಇ (ನೆನಪು, ಗಮನ ನೋಡುವ ಚಿಕ್ಕ ಪರೀಕ್ಷೆ) ಮಾಡಿ 28 ಅಂದರು, ಆದರೂ ನೆನಪು, ಗಮನ, ಯೋಚನೆಯನ್ನೆಲ್ಲ ವಿವರವಾಗಿ ನೋಡುವ ಪೂರ್ತಿ ನ್ಯೂರೋಸೈಕಾಲಜಿಕಲ್ ಅಸೆಸ್‌ಮೆಂಟ್ ಮಾಡಿಸಿ ಅಂತ ಬರೆದುಕೊಟ್ಟಿದ್ದಾರೆ. ಇದು ಐಕ್ಯೂ ಟೆಸ್ಟಾ, ಪರ್ಸನಾಲಿಟಿ ಟೆಸ್ಟಾ? ಎಷ್ಟು ಹೊತ್ತು ಹಿಡಿಯುತ್ತೆ? ಮುಂಚೆ ಏನಾದರೂ ತಯಾರಿ ಬೇಕಾ?

ನಿಧಾನಿ:
ಮೊದಲು ಆ 2 ಅಂಕ ಎಲ್ಲಿ ಹೋಯಿತು ಅಂತ ಕೇಳಿ. ಎಂಎಂಎಸ್‌ಇಯ 30ರಲ್ಲಿ 10 ಅಂಕ ಬರೀ ದಿನ, ತಿಂಗಳು, ಊರು ಹೇಳಿದ್ದಕ್ಕೇ ಸಿಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಳ್ಳಬೇಕಾದ್ದು 3 ಪದ ಮಾತ್ರ. ಆ ಮೂರರಲ್ಲಿ ಎರಡು ಮರೆತು 28 ಬಂದಿದ್ದರೆ ಅದು ಚೆನ್ನಾಗಿರುವ 28 ಅಲ್ಲ. ಚೆನ್ನಾಗಿ ಓದಿದವರು ತೊಂದರೆ ಶುರುವಾದ ಮೇಲೂ ಇದರಲ್ಲಿ ಸಲೀಸಾಗಿ ಪಾಸಾಗುತ್ತಾರೆ. ಇದು ಬರೀ ಜರಡಿ, ಅದರ ಕಣ್ಣೂ ದೊಡ್ಡದು.

ಪೂರ್ತಿ ಅಸೆಸ್‌ಮೆಂಟ್‌ನಲ್ಲಿ ಮೊದಲು ಮಾತುಕತೆ. ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳುತ್ತಾರೆ: ಶುರುವಾಗಿದ್ದು ಯಾವಾಗ, ತಟ್ಟನೆಯೋ ನಿಧಾನವಾಗಿಯೋ, ದುಡ್ಡಿನ ಲೆಕ್ಕ, ಮಾತ್ರೆ ಎಲ್ಲ ಯಾರು ನೋಡಿಕೊಳ್ಳುತ್ತಾರೆ. ಆಮೇಲೆ ಟೆಸ್ಟ್‌ಗಳು. ಸುಸ್ತಾಗುವವರಿಗೆ ಎರಡು ದಿನಕ್ಕೆ ಹಂಚುತ್ತಾರೆ.

ಒಂದನ್ನು ಬಿಡಿಸಿ ಹೇಳುತ್ತೇನೆ. ರೇ ಪದಪಟ್ಟಿ: 15 ಪದ ಓದುತ್ತಾರೆ, ನೆನಪಿರುವಷ್ಟನ್ನು ಹೇಳಬೇಕು. ಅದೇ ಪಟ್ಟಿ ಐದು ಸಲ. ಸುತ್ತಿನಿಂದ ಸುತ್ತಿಗೆ ಸಂಖ್ಯೆ ಏರುತ್ತದೆಯೇ ಅಂತ ನೋಡುತ್ತಾರೆ. ಆಮೇಲೆ ಬೇರೆ 15 ಪದದ ಪಟ್ಟಿ ಒಂದು ಸಲ, ತಕ್ಷಣ ಮತ್ತೆ ಮೊದಲನೆಯದು. 20–30 ನಿಮಿಷ ಬಿಟ್ಟು ಇನ್ನೊಮ್ಮೆ. ಆ ನಡುವೆ ಚಿತ್ರ, ಆಕಾರದ ಟೆಸ್ಟ್‌ಗಳನ್ನು ಕೊಡುವುದು ವಾಡಿಕೆ. ಪದಗಳ ಟೆಸ್ಟ್ ಕೊಟ್ಟರೆ ಎಲ್ಲ ಕಲಸಿಹೋಗುತ್ತೆ. ಕೊನೆಗೆ, ಹೊಸ ಪದಗಳ ಜೊತೆ ಬೆರೆಸಿ ‘ಇದು ಪಟ್ಟಿಯಲ್ಲಿತ್ತಾ?’ ಅಂತ ಕೇಳುತ್ತಾರೆ.

ಈ ಟೆಸ್ಟ್ ತೆಗೆದುಕೊಂಡ ಇಬ್ಬರೂ ಅರ್ಧ ಗಂಟೆ ಆದಮೇಲೆ ನಾಲ್ಕೇ ಪದ ಹೇಳಿದರು ಅನ್ನಿ. ಒಬ್ಬರು, ‘ಪಟ್ಟಿಯಲ್ಲಿತ್ತಾ?’ ಅಂತ ಕೇಳಿದಾಗ, ಬಹುಪಾಲು ಸರಿಯಾಗಿ ಗುರುತಿಸಿದರೆ ನೆನಪು ಒಳಗಿದೆ, ಹೊರಗೆ ತೆಗೆಯುವುದು ಕಷ್ಟವಾಗುತ್ತಿದೆ. ಖಿನ್ನತೆಯಲ್ಲಿ ಇಂಥದ್ದು ಕಾಣುತ್ತೆ. ಇನ್ನೊಬ್ಬರು ಇಲ್ಲದ ಪದಕ್ಕೂ ‘ಇತ್ತು’ ಅಂದರೆ ಒಳಗೆ ನಿಂತೇ ಇಲ್ಲ. ಆಲ್ಝೈಮರ್ ಅನುಮಾನ ಬರುವುದು ಇಂಥಲ್ಲಿ. ಅಂಕ ಒಂದೇ, ಅರ್ಥ ಬೇರೆ. ಆದರೂ ಒಂದೇ ಟೆಸ್ಟ್ ಹಿಡಿದು ಯಾರೂ ಕಾಯಿಲೆ ಹೆಸರಿಸುವುದಿಲ್ಲ, ಹೆಸರಿಸಲೂಬಾರದು.

ಕಡತದ ಮನೆ:
ಐಕ್ಯೂ ಟೆಸ್ಟ್ ಇದರ ಒಂದು ಭಾಗ ಅಷ್ಟೇ. ಪರ್ಸನಾಲಿಟಿ ಟೆಸ್ಟ್ ಬೇರೆ ದಾರಿ: ಎಂಎಂಪಿಐ-2ರಲ್ಲಿ ಸರಿ/ತಪ್ಪು ಅಂತ ಉತ್ತರಿಸುವ 567 ವಾಕ್ಯ ಇವೆ. ಮರೆವಿನ ಕೇಸಿಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಖಿನ್ನತೆಯ ಪ್ರಶ್ನಾವಳಿ ಮಾತ್ರ ಇರಲೇಬೇಕು.

ಟ್ರೇಲ್ ಮೇಕಿಂಗ್ (ಕಾಗದದ ಮೇಲಿನ ವೃತ್ತಗಳನ್ನು ಕ್ರಮವಾಗಿ ಗೆರೆಯಿಂದ ಜೋಡಿಸುವ ಟೆಸ್ಟ್) ಬಗ್ಗೆ ಒಂದು ಎಚ್ಚರಿಕೆ. ಎ ಭಾಗದಲ್ಲಿ 1ರಿಂದ 25ರವರೆಗೆ ಗೆರೆ ಎಳೆಯಬೇಕು. ಬಿ ಭಾಗದಲ್ಲಿ ಅಂಕಿ, ಇಂಗ್ಲಿಷ್ ಅಕ್ಷರ ಒಂದಾದ ಮೇಲೊಂದು. ಎ ಭಾಗದಲ್ಲೇ ಕೈ ನಿಧಾನವಿದ್ದರೆ ಬಿ ತಡವಾಯಿತು ಅಂತ ‘ಗಮನ ಬದಲಿಸುವ ಶಕ್ತಿ ಕುಂದಿದೆ’ ಅನ್ನಲಾಗದು, ಎರಡರ ಅಂತರ ನೋಡಬೇಕು. ಇಂಗ್ಲಿಷ್ ಅಕ್ಷರಮಾಲೆ ಬಾಯಿಗೆ ಬಾರದವರಿಗೆ ಬಿ ಕೊಟ್ಟರೆ ಅದು ಶಾಲೆಯ ಪರೀಕ್ಷೆಯಾಗುತ್ತೆ. ಅಂಥವರಿಗೆ ಗುಲಾಬಿ, ಹಳದಿ ವೃತ್ತಗಳ ಕಲರ್ ಟ್ರೇಲ್ಸ್ ಇದೆ. ಯಾವ ಭಾಷೆಯಲ್ಲಿ ಟೆಸ್ಟ್ ಮಾಡುತ್ತೀರಿ, ವಯಸ್ಸು–ಓದು ಎರಡಕ್ಕೂ ಹೊಂದುವ ನಾರ್ಮ್ಸ್ (ಹೋಲಿಸಿ ನೋಡುವ ಮಾಮೂಲು ಅಂಕಗಳ ಪಟ್ಟಿ) ಇದೆಯಾ ಅಂತ ಮೊದಲೇ ಕೇಳಿಬಿಡಿ.

ನಿಧಾನಿ:
ತಯಾರಿ ಅಂದರೆ ಕನ್ನಡಕ, ಕಿವಿಯ ಮೆಷಿನ್, ಹಿಂದಿನ ರಾತ್ರಿ ನಿದ್ದೆ, ಮಾತ್ರೆಗಳ ಪೂರ್ತಿ ಪಟ್ಟಿ. ಕಿವಿ ಕೇಳದೆ ತಪ್ಪಿದ ಪದವೂ ಮರೆತ ಪದದ ಲೆಕ್ಕಕ್ಕೇ ಹೋಗಿಬಿಡುತ್ತೆ. ನಿದ್ದೆ ಮಾತ್ರೆ, ಅಲರ್ಜಿಯ ಕೆಲವು ಮಾತ್ರೆಗಳು ನೆನಪನ್ನು ಮಂಕು ಮಾಡುತ್ತವೆ. ಅದನ್ನು ಹೇಳಿ, ಆದರೆ ನೀವಾಗಿ ನಿಲ್ಲಿಸಬೇಡಿ. ನೆಟ್‌ನಲ್ಲಿ ಹುಡುಕಿ ಅಭ್ಯಾಸ ಮಾಡಿಸಬೇಡಿ, ಒಳಗೆ ಕೂತು ಸುಳಿವೂ ಕೊಡಬೇಡಿ. ಮತ್ತೆ ಮಾಡಿಸುವುದಾದರೆ 6–12 ತಿಂಗಳು ಬಿಡುವುದು ರೂಢಿ, ಇಲ್ಲದಿದ್ದರೆ ರೂಢಿಯಾದ ಟೆಸ್ಟೇ ಅಂಕ ಏರಿಸುತ್ತೆ.

ಬೆಳ್ಮುಗಿಲು:
ರಿಪೋರ್ಟ್‌ನಲ್ಲಿ ಐಕ್ಯೂ 92, ಪರ್ಸೆಂಟೈಲ್ 30 ಅಂತ ಬಂದರೆ ಫೇಲ್ ಅಂತಲಾ?

ಕಡತದ ಮನೆ:
ಅಲ್ಲ. ಪರ್ಸೆಂಟೈಲ್ 30 ಅಂದರೆ ನೂರಕ್ಕೆ 30 ಅಂಕ ಅಲ್ಲ, ಅದೇ ವಯಸ್ಸಿನ 100 ಜನರಲ್ಲಿ ಸುಮಾರು 30 ಜನ ಇವರಿಗಿಂತ ಕೆಳಗಿದ್ದಾರೆ ಅಂತ. ಐಕ್ಯೂ ಸರಾಸರಿ 100, 90ರಿಂದ 109 ಮಾಮೂಲು. ಆದರೆ ಜೀವಮಾನವೆಲ್ಲ ಲೆಕ್ಕಪತ್ರದಲ್ಲಿ ಪಳಗಿದವರಿಗೆ 92 ಇಳಿತವೂ ಆಗಿರಬಹುದು. ಅದಕ್ಕೇ ಓದು, ಮಾಡುತ್ತಿದ್ದ ಕೆಲಸದ ವಿವರ ಬರೆದುಕೊಂಡು ಹೋಗಿ.